56 ನಿಮಿಷ, 85 ಪೌಂಡ್: ಪಾರ್ಕಿಂಗ್ ಬೋರ್ಡಿನ ಹಿಂದಿರೋ ಇತಿಹಾಸ

ಇವತ್ತಿನ ಕಥೆ ಒಂದು ಪಾರ್ಕಿಂಗ್ ಜಾಗದ್ದು. ಬೋರ್ ಅನ್ನಿಸ್ತಾ? ಇದೇ ಜಾಗದ ಜಗಳ ಬ್ರಿಟನ್ನಿನ ಸುಪ್ರೀಂ ಕೋರ್ಟಿಗೆ ಹೋಗಿ, ಏಳು ಜನ ನ್ಯಾಯಮೂರ್ತಿಗಳು ಕೂತು ಕೇಳಿ, ನೂರು ವರ್ಷದ ಹಳೇ ನಿಯಮವೊಂದನ್ನ ಬದಲಾಯಿಸಿಬಿಟ್ಟರು. ಸ್ವಲ್ಪ ತಡ್ಕೊಳ್ಳಿ.

2013ರ ಏಪ್ರಿಲ್ 15. ಇಂಗ್ಲೆಂಡಿನ ಚೆಲ್ಮ್ಸ್‌ಫರ್ಡ್ ಅನ್ನೋ ಊರು. ಫಿಶ್ ಅಂಡ್ ಚಿಪ್ಸ್ ಅಂಗಡಿ ಇಟ್ಟುಕೊಂಡಿದ್ದ ಬ್ಯಾರಿ ಬೀವಿಸ್ ಅನ್ನೋರು ರಿವರ್‌ಸೈಡ್ ರಿಟೇಲ್ ಪಾರ್ಕಿನಲ್ಲಿ ಕಾರು ನಿಲ್ಲಿಸಿದರು. ಅಲ್ಲಿ ಎರಡು ಗಂಟೆ ಪಾರ್ಕಿಂಗ್ ಫ್ರೀ. ಇವರು ವಾಪಸ್ ಬರೋ ಹೊತ್ತಿಗೆ ಎರಡು ಗಂಟೆ ಮುಗಿದು 56 ನಿಮಿಷ ಆಗಿತ್ತು. ಆ ಜಾಗ ನೋಡಿಕೊಳ್ಳುತ್ತಿದ್ದ ಪಾರ್ಕಿಂಗ್‌ಐ ಕಂಪನಿಯಿಂದ ಮನೆಗೆ ಕಾಗದ ಬಂತು. 85 ಪೌಂಡ್ ಕಟ್ಟಿ, 14 ದಿನದೊಳಗೆ ಕಟ್ಟಿದರೆ 50 ಸಾಕು ಅಂತ. ಬೀವಿಸ್ ಕಟ್ಟಲಿಲ್ಲ.

ಈ ವಿಷಯ ನನ್ನ ತಲೆಗೆ ಬಂದಿದ್ದು ನಮ್ಮ ಬಿ.ಕಾಂ. ಬ್ಯಾಚಿನ ವಾಟ್ಸಾಪ್ ಗ್ರೂಪಿನಿಂದ. ಇಂಗ್ಲೆಂಡಿನಲ್ಲಿ ಕೆಲಸ ಮಾಡುವ ಗೆಳತಿಯೊಬ್ಬಳು ಒಂದು ಕಾಗದದ ಫೋಟೋ ಹಾಕಿದ್ದಳು. ಎರಡು ಗಂಟೆಗೆ ದುಡ್ಡು ಕಟ್ಟಿ ಕಾರು ನಿಲ್ಲಿಸಿದ್ದಾಳೆ, ಹಲ್ಲಿನ ಡಾಕ್ಟರ್ ಹತ್ತಿರ ತಡವಾಗಿದೆ. ಕ್ಯಾಮೆರಾ ಲೆಕ್ಕದಲ್ಲಿ ಕಾರು ಒಳಗಿದ್ದಿದ್ದು 2 ಗಂಟೆ 23 ನಿಮಿಷ. 100 ಪೌಂಡ್ ಕೇಳಿದ್ದಾರೆ, ಬೇಗ ಕಟ್ಟಿದರೆ 60. ಗ್ರೂಪಿನಲ್ಲಿ ತಕ್ಷಣ ಎರಡು ಪಂಗಡ. ಒಂದು ಕಡೆಯವರು, "ಮೊದಲು ಕಟ್ಟಿಬಿಡೇ ಮಾರಾಯ್ತಿ, ಫೈನ್ ಅಂದ್ರೆ ಪೊಲೀಸ್ ಕೇಸು, ವೀಸಾಗೆ ತೊಂದ್ರೆ" ಅಂತ. ಇನ್ನೊಂದು ಕಡೆ, ಹದಿನೈದು ಇಪ್ಪತ್ತು ವರ್ಷದಿಂದ ಅಲ್ಲೇ ಇರೋ ಅವಳ ಮಾವ, "ಪ್ರೈವೇಟ್‌ನವರದ್ದು ಅಲ್ವೇನಮ್ಮ, ಹರಿದು ಕಸದ ಬುಟ್ಟಿಗೆ ಹಾಕು, ಏನೂ ಆಗಲ್ಲ" ಅಂದಿದ್ದರಂತೆ.

ಮೊದಲನೇ ಸಲಹೆ ಪೂರ್ತಿ ತಪ್ಪು. ಎರಡನೇದು ಒಂದು ಕಾಲಕ್ಕೆ ಸುಮಾರು ಸರಿ ಇತ್ತು, ಈಗ ಅಪಾಯ. ಯಾವ ದಿನದಿಂದ ಅಪಾಯವಾಯ್ತು ಅಂತ ತಾರೀಖು ಹಿಡಿದು ಹೇಳಬಹುದು. ಅದೇ ಈ ಎಪಿಸೋಡ್.

ಮೊದಲು ಹೆಸರಿನ ಗೊಂದಲ ಬಿಡಿಸಿಕೊಳ್ಳೋಣ. ಅಲ್ಲಿ ನಗರಸಭೆ, ಅಂದ್ರೆ ಕೌನ್ಸಿಲ್, ರಸ್ತೆಬದಿ ಪಾರ್ಕಿಂಗ್‌ಗೆ ಕೊಡೋದು 'ಪೆನಾಲ್ಟಿ ಚಾರ್ಜ್ ನೋಟಿಸ್'. ಖಾಸಗಿ ಕಂಪನಿ ಕೊಡೋದು 'ಪಾರ್ಕಿಂಗ್ ಚಾರ್ಜ್ ನೋಟಿಸ್'. ಎರಡೂ ಪಿಸಿಎನ್. ಒಂದೇ ಥರದ ಅಕ್ಷರ, ಒಂದೇ ಥರದ ಗಾಂಭೀರ್ಯ. ಇದು ಕಾಕತಾಳೀಯ ಅಂತ ನಂಬೋಕೆ ನನಗಂತೂ ಕಷ್ಟ. ಆದರೆ ಒಳಗಿನ ಸರಕು ಬೇರೆ. ಮೊದಲನೇದು ಕಾನೂನು ಹಾಕುವ ದಂಡ. ಎರಡನೇದು ದಂಡವೇ ಅಲ್ಲ, "ನೀವು ನಮ್ಮ ಜೊತೆ ಒಂದು ಕರಾರು ಮಾಡಿಕೊಂಡಿದ್ದಿರಿ, ಅದನ್ನ ಮುರಿದಿರಿ, ದುಡ್ಡು ಕೊಡಿ" ಅನ್ನುವ ಬೇಡಿಕೆ. ಪೊಲೀಸರಿಗೂ ಅದಕ್ಕೂ ಸಂಬಂಧ ಇಲ್ಲ.

ಕರಾರಾ? ಯಾವಾಗ ಸಹಿ ಹಾಕಿದೆ? ಅಂತ ನೀವು ಕೇಳಬೇಕು. ಉತ್ತರಕ್ಕೆ ಕಾರೇ ಇಲ್ಲದ ಕಾಲಕ್ಕೆ ಹೋಗಬೇಕು.

ಲಂಡನ್ನಿನ ಚೇರಿಂಗ್ ಕ್ರಾಸ್ ರೈಲು ನಿಲ್ದಾಣ, 1870ರ ದಶಕ. ಪಾರ್ಕರ್ ಅನ್ನೋರು ಲಗೇಜ್ ಇಡುವ ಕೋಣೆಯಲ್ಲಿ ಎರಡು ಪೆನ್ಸ್ ಕೊಟ್ಟು ಬ್ಯಾಗ್ ಇಟ್ಟು ಟಿಕೆಟ್ ತಗೊಂಡರು. ಟಿಕೆಟ್ ಮೇಲೆ "ಹಿಂದೆ ನೋಡಿ" ಅಂತ ಇತ್ತು. ಹಿಂದೆ, 10 ಪೌಂಡಿಗಿಂತ ಹೆಚ್ಚು ಬೆಲೆಯ ವಸ್ತುವಿಗೆ ನಾವು ಜವಾಬ್ದಾರರಲ್ಲ ಅಂತ ಇತ್ತು. ಬ್ಯಾಗ್ ಕಳೆದುಹೋಯ್ತು, ಅದರ ಬೆಲೆ 24 ಪೌಂಡ್ 10 ಶಿಲ್ಲಿಂಗ್. ನಾನು ಓದೇ ಇಲ್ಲ ಅಂದರು ಪಾರ್ಕರ್. 1877ರಲ್ಲಿ ಮೇಲ್ಮನವಿ ಕೋರ್ಟು ಹೇಳಿದ್ದು ಇಷ್ಟು: ಓದಿದ್ದೀರೋ ಇಲ್ಲವೋ ಅನ್ನೋದೊಂದೇ ಪ್ರಶ್ನೆ ಅಲ್ಲ, ಓದುವುದಕ್ಕೆ ಬೇಕಾದಷ್ಟು ಎಚ್ಚರಿಕೆಯನ್ನ ಕಂಪನಿ ಕೊಟ್ಟಿತ್ತೋ ಇಲ್ಲವೋ ಅನ್ನೋದು ಪ್ರಶ್ನೆ. ಸಹಿ ಬೇಕಿಲ್ಲ, ಕಣ್ಣಿಗೆ ಬೀಳುವಂತೆ ತಿಳಿಸಿದರೆ ಸಾಕು. ಇವತ್ತಿನ ಪ್ರತಿ ಪಾರ್ಕಿಂಗ್ ಬೋರ್ಡು ನಿಂತಿರೋದು ಈ ತಳಪಾಯದ ಮೇಲೆ.

ಎರಡನೇ ತಳಪಾಯ, 1915ರ ಡನ್‌ಲಪ್ ಕೇಸ್. ಟೈರು ಮಾಡುವ ಅದೇ ಡನ್‌ಲಪ್. ನಿಗದಿ ಮಾಡಿದ ಬೆಲೆಗಿಂತ ಕಡಿಮೆಗೆ ಮಾರಿದರೆ ಟೈರಿಗೆ 5 ಪೌಂಡ್ ಕೊಡಬೇಕು ಅಂತ ಡೀಲರ್ ಜೊತೆ ಕರಾರಾಗಿತ್ತು. ಇದು ನ್ಯಾಯವಾದ ಪರಿಹಾರವೋ, ಹೆದರಿಸೋಕೆ ಇಟ್ಟ ದಂಡವೋ? ಡನ್‌ಲಪ್ ಗೆದ್ದಿತು. ಆದರೆ ಲಾರ್ಡ್ ಡುನೆಡಿನ್ ಕೊಟ್ಟ ಅಳತೆಗೋಲು ಉಳಿದುಕೊಂಡಿತು: ಆಗಬಹುದಾದ ಅತಿ ದೊಡ್ಡ ನಷ್ಟಕ್ಕೆ ಹೋಲಿಸಿದರೂ ಮೊತ್ತ ಮಿತಿಮೀರಿದೆ ಅಂದರೆ ಅದು ದಂಡ, ಕೋರ್ಟು ಕೊಡಿಸೋದಿಲ್ಲ. ದಂಡ ಹಾಕೋದು ಸರ್ಕಾರದ ಕೆಲಸ, ಅಂಗಡಿಯವನದ್ದಲ್ಲ.

ಬಿಸಿನೆಸ್ ಲಾ ಪೇಪರ್ ಬರೆದವರಿಗೆ ಇಲ್ಲಿ ಗಂಟೆ ಹೊಡೆದಿರಬೇಕು. ಸೆಕ್ಷನ್ 73, 74! ನಮ್ಮ 1872ರ ಕರಾರು ಕಾಯ್ದೆ ಈ ತಲೆನೋವನ್ನ ಡನ್‌ಲಪ್‌ಗಿಂತ ಮುಂಚೆಯೇ ಬೇರೆ ದಾರಿಯಲ್ಲಿ ಬಗೆಹರಿಸಿತ್ತು. ದಂಡವೋ ಪರಿಹಾರವೋ ಅಂತ ಹೆಸರಿಗೆ ಜಗಳ ಬೇಡ, ಕರಾರಿನಲ್ಲಿ ಬರೆದ ಮೊತ್ತ ಒಂದು ಮೇಲಿನ ಮಿತಿ, ಅದರೊಳಗೆ ಸಮಂಜಸ ಅನ್ನಿಸಿದಷ್ಟೇ ಕೊಡಿಸಬೇಕು ಅನ್ನುತ್ತೆ ಸೆಕ್ಷನ್ 74. ನಾನು ಇದನ್ನ ಹತ್ತು ಮಾರ್ಕ್ಸಿನ ಪ್ರಶ್ನೆ ಅಂತ ಉರು ಹೊಡೆದಿದ್ದೆ. ಅದರ ಅಕ್ಕಪಕ್ಕ ಇಷ್ಟು ದೊಡ್ಡ ಜಗಳ ನಡೀತಿತ್ತು ಅಂತ ಯಾವ ಗೈಡೂ ಹೇಳಲಿಲ್ಲ.

ಇನ್ನು ಕಾರುಗಳು. ಎರಡನೇ ಮಹಾಯುದ್ಧದಲ್ಲಿ ಜರ್ಮನ್ ಬಾಂಬ್ ಬಿದ್ದು ಲಂಡನ್ನಿನ ನಡುವೆಯೇ ಖಾಲಿ ಜಾಗಗಳಾಗಿದ್ದವು. 1948ರಲ್ಲಿ ರೊನಾಲ್ಡ್ ಹಾಬ್ಸನ್, ಡೊನಾಲ್ಡ್ ಗಾಸ್ಲಿಂಗ್ ಅನ್ನೋ ಇಬ್ಬರು ಹಾಲ್‌ಬರ್ನ್‌ನಲ್ಲಿ ಅಂಥ ಒಂದು ಬಾಂಬ್ ಬಿದ್ದ ಸೈಟನ್ನ 200 ಪೌಂಡಿಗೆ ಹಿಡಿದು ಕಾರು ನಿಲ್ಲಿಸೋ ಜಾಗ ಮಾಡಿದರು. 1959ರಲ್ಲಿ ಅವರು ನ್ಯಾಷನಲ್ ಕಾರ್ ಪಾರ್ಕ್ಸ್ ಕಂಪನಿಯನ್ನೇ ಕೊಂಡುಕೊಂಡರು. ಅಷ್ಟರಲ್ಲಿ ರಸ್ತೆಯ ಕಥೆಯೂ ಬದಲಾಗಿತ್ತು. 1958ರಲ್ಲಿ ಲಂಡನ್ನಿನ ಮೇಫೇರ್‌ನಲ್ಲಿ ಮೊದಲ ಪಾರ್ಕಿಂಗ್ ಮೀಟರ್ ಬಂದವು, 1960ರಲ್ಲಿ ಟ್ರಾಫಿಕ್ ವಾರ್ಡನ್‌ಗಳು ಬಂದರು. ಅವರ ಮೊದಲ ಚೀಟಿ ಹೋಗಿದ್ದು ಹೃದಯಾಘಾತವಾದ ರೋಗಿಯನ್ನ ನೋಡೋಕೆ ಓಡಿ ಬಂದಿದ್ದ ಡಾಕ್ಟರಿಗೆ! ಜನ ಗಲಾಟೆ ಮಾಡಿ ಅದನ್ನ ರದ್ದು ಮಾಡಿಸಿದರು. ಹೀಗೆ ರಸ್ತೆಯಲ್ಲಿ ಸರ್ಕಾರ, ಖಾಸಗಿ ಜಾಗದಲ್ಲಿ ಕಂಪನಿ ಅಂತ ಎರಡು ಲೋಕ ಹುಟ್ಟಿಕೊಂಡವು.

1964ರ ಮೇ. ಫ್ರಾನ್ಸಿಸ್ ಥಾರ್ನ್‌ಟನ್ ಅನ್ನೋ ಟ್ರಂಪೆಟ್ ವಾದಕರಿಗೆ ಬಿಬಿಸಿಯಲ್ಲಿ ನುಡಿಸೋ ಕೆಲಸ ಇತ್ತು. ಶೂ ಲೇನ್ ಅನ್ನೋ ಹೊಸ ಬಹುಮಹಡಿ ಕಾರ್ ಪಾರ್ಕಿಗೆ ಗಾಡಿ ಬಿಟ್ಟರು. ಬಾಗಿಲಲ್ಲಿ ಮನುಷ್ಯರಿಲ್ಲ, ಮೆಷಿನ್ ಇದೆ. ಕಾರು ಹತ್ತಿರ ಬಂತು, ಕೆಂಪು ದೀಪ ಹಸಿರಾಯ್ತು, ಚೀಟಿ ಹೊರಗೆ ಬಂತು. ಕಾರ್ಯಕ್ರಮ ಮುಗಿಸಿ ಕಾರು ತಗೊಳ್ಳೋಕೆ ಬಂದಾಗ ಅಲ್ಲಿ ಅಪಘಾತವಾಗಿ ಜೋರು ಪೆಟ್ಟಾಯ್ತು. ಕಂಪನಿ ಹೇಳಿತು, ಚೀಟಿಯ ಮೇಲೆ "ಒಳಗೆ ಹಾಕಿರುವ ಷರತ್ತುಗಳಿಗೆ ಒಳಪಟ್ಟು" ಅಂತ ಇದೆ, ಒಳಗೆ ಕಂಬದ ಮೇಲೆ "ಗಾಯವಾದರೂ ನಾವು ಹೊಣೆಯಲ್ಲ" ಅಂತ ಇದೆ, ಮುಗೀತು ಅಂತ.

ಲಾರ್ಡ್ ಡೆನ್ನಿಂಗ್ ಇದನ್ನ ಒಪ್ಪಲಿಲ್ಲ. ಅವರ ವಾದ ನನಗೆ ಬಹಳ ಇಷ್ಟ. ಹಳೇ ಟಿಕೆಟ್ ಕೇಸುಗಳಲ್ಲಿ ಕೌಂಟರಿನ ಹಿಂದೆ ಒಬ್ಬ ಗುಮಾಸ್ತ ಇರ್ತಿದ್ದ, ಷರತ್ತು ಇಷ್ಟವಾಗದಿದ್ದರೆ ಟಿಕೆಟ್ ವಾಪಸ್ ಕೊಟ್ಟು ಹೋಗಬಹುದಿತ್ತು. ಮೆಷಿನ್ ಜೊತೆ ವಾದ ಮಾಡೋಕಾಗುತ್ತಾ? ಬೈದರೂ ಅದು ಕದಲೋದಿಲ್ಲ. ಕಾರು ಮೆಷಿನ್ ಮುಂದೆ ಬಂದು ಚೀಟಿ ಹೊರಬಂದ ಕ್ಷಣಕ್ಕೇ ಕರಾರು ಆಗಿಹೋಯ್ತು, ಆಮೇಲೆ ಒಳಗಿನ ಕಂಬದಲ್ಲಿ ಏನೇ ಬರೆದಿದ್ದರೂ ತಡವಾಯ್ತು ಅಂದರು. ತಪ್ಪು ಅರ್ಧರ್ಧ ಅಂತ ತೀರ್ಮಾನವಾಗಿದ್ದರಿಂದ ಥಾರ್ನ್‌ಟನ್‌ಗೆ ಅವರ ಪಾಲಿನದು ಕಳೆದು 3,637 ಪೌಂಡ್ ಚಿಲ್ಲರೆ ಸಿಕ್ಕಿತು. ಜನರ ಹಕ್ಕು ಕಿತ್ತುಕೊಳ್ಳೋ ಷರತ್ತಾದರೆ ಕೆಂಪು ಶಾಯಿಯಲ್ಲಿ ಬರೆದು, ಅದರ ಕಡೆ ಬೆರಳು ತೋರಿಸೋ ಕೆಂಪು ಕೈ ಚಿತ್ರ ಹಾಕಬೇಕು ಅಂತ ಡೆನ್ನಿಂಗ್ 1956ರಲ್ಲೇ ಬೇರೆ ಕೇಸಿನಲ್ಲಿ ಹೇಳಿದ್ದರು.

ನಮ್ಮಲ್ಲೂ ಮಾಲ್ ಚೀಟಿಯ ಮೇಲೆ "ಪಾರ್ಕಿಂಗ್ ಅಟ್ ಓನರ್ಸ್ ರಿಸ್ಕ್" ಅಂತ ಇರುತ್ತಲ್ಲ, ಆ ಸಾಲಿಗೆ ಎಷ್ಟು ಬೆಲೆ? ದೆಹಲಿಯ ತಾಜ್ ಮಹಲ್ ಹೋಟೆಲಿನಲ್ಲಿ 1998ರಲ್ಲಿ ವ್ಯಾಲೆಟ್ ಕೈಗೆ ಕೊಟ್ಟಿದ್ದ ಮಾರುತಿ ಝೆನ್ ಕಳುವಾಗಿ, ಕೇಸು ನಮ್ಮ ಸುಪ್ರೀಂ ಕೋರ್ಟಿನವರೆಗೆ ಹೋಯ್ತು. 2019ರಲ್ಲಿ ತೀರ್ಪು ಬಂತು: ಕೀ ಕೊಟ್ಟು ಕಾರು ಒಪ್ಪಿಸಿದ ಮೇಲೆ, ಹೋಟೆಲಿನ ಕಡೆಯಿಂದಲೇ ನಿರ್ಲಕ್ಷ್ಯ ಆಗಿದ್ದರೆ ಟ್ಯಾಗಿನ ಮೇಲಿನ ಸಾಲು ತೋರಿಸಿ ಜಾರಿಕೊಳ್ಳೋಕಾಗಲ್ಲ. ತೀರ್ಪು ಬರೆದವರು ನಮ್ಮ ಕರ್ನಾಟಕದವರೇ ಆದ ನ್ಯಾಯಮೂರ್ತಿ ಮೋಹನ ಶಾಂತನಗೌಡರ್. ಮಾಲಿನಲ್ಲಿ ನಾವೇ ನಿಲ್ಲಿಸಿ ಕೀ ಜೇಬಿಗೆ ಹಾಕಿಕೊಂಡು ಹೋಗೋದು ಬೇರೆ ಲೆಕ್ಕ, ಅದು ನೆನಪಿರಲಿ.

ಸರಿ, ಇಂಗ್ಲೆಂಡಿಗೆ ವಾಪಸ್. ಇಲ್ಲಿಯವರೆಗೆ ಕಂಪನಿಗಳು "ನಾವು ಹೊಣೆಯಲ್ಲ" ಅಂತ ಬೋರ್ಡು ಹಾಕ್ತಿದ್ದವು. 1990ರ ಸುಮಾರಿಗೆ ಬೋರ್ಡಿನ ಭಾಷೆ ಬದಲಾಯ್ತು: "ನಿಲ್ಲಿಸಿದರೆ ಚಕ್ರಕ್ಕೆ ಬೀಗ". ಕ್ಲಾಂಪ್! ಹಳದಿ ಕಬ್ಬಿಣದ ಆ ರಾಕ್ಷಸ. ಸ್ಕಾಟ್ಲೆಂಡಿನ ಕೋರ್ಟು 1992ರಲ್ಲೇ, ಖಾಸಗಿಯವರು ಚಕ್ರಕ್ಕೆ ಬೀಗ ಹಾಕಿ ದುಡ್ಡು ಕೇಳೋದು ಸುಲಿಗೆ, ಕಳ್ಳತನ ಅಂತ ಹೇಳಿ ಮುಗಿಸಿಬಿಟ್ಟಿತು. ಇಂಗ್ಲೆಂಡ್ ಹಾಗೆ ಮಾಡಲಿಲ್ಲ. 1995ರಲ್ಲಿ ಆರ್ಥರ್ ಮತ್ತು ಆಂಕರ್ ನಡುವಿನ ಕೇಸಿನಲ್ಲಿ, ಬೋರ್ಡು ನೋಡಿಯೂ ನಿಲ್ಲಿಸಿದರೆ ನೀವು ಬೀಗಕ್ಕೆ ಒಪ್ಪಿದ ಹಾಗೆ ಅಂತ ಮೇಲ್ಮನವಿ ಕೋರ್ಟು ಹೇಳಿತು, ಶುಲ್ಕ ಸಮಂಜಸವಾಗಿರಬೇಕು ಅನ್ನೋ ಷರತ್ತಿನ ಮೇಲೆ. ಅಂದಹಾಗೆ ಈ ಆರ್ಥರ್ ಸಾಹೇಬರು ರಾತ್ರೋರಾತ್ರಿ ಬಂದು ಕ್ಲಾಂಪ್ ಸಮೇತ ಕಾರು ಎತ್ತಿಕೊಂಡು ಹೋಗಿದ್ದರು.

2000ದಲ್ಲಿ ಬಂದ ಇನ್ನೊಂದು ಕೇಸು ಓದಿದರೆ ಹೊಟ್ಟೆ ಚುರುಕ್ ಅನ್ನುತ್ತೆ. ಆಸ್ಪತ್ರೆಯಿಂದ ಬರ್ತಿದ್ದ ಹೆಣ್ಣುಮಗಳೊಬ್ಬರಿಗೆ ದಾರಿಯಲ್ಲಿ ಹೊಟ್ಟೆ ತೊಳಸಿದೆ. ಖಾಲಿ ಜಾಗ ಕಂಡಲ್ಲಿ ಕಾರು ನಿಲ್ಲಿಸಿ, ಇಳಿದು ವಾಂತಿ ಮಾಡಿಕೊಂಡು ಬರೋಷ್ಟರಲ್ಲಿ ಚಕ್ರಕ್ಕೆ ಬೀಗ ಬಿದ್ದಿದೆ. ಪಕ್ಕದಲ್ಲಿ ನಿಂತಿದ್ದ ದೊಡ್ಡ ಗಾಡಿ ಬೋರ್ಡನ್ನ ಮರೆ ಮಾಡಿತ್ತು. ಬೋರ್ಡೇ ಕಾಣದವರು ಒಪ್ಪಿದ್ದು ಹೇಗೆ ಅಂತ ಕೋರ್ಟು ಅವರ ಪರ ತೀರ್ಪು ಕೊಟ್ಟಿತು. ಇಂಥ ಕಥೆಗಳು ಗುಡ್ಡೆಯಾಗಿ, ಕೊನೆಗೆ 2012ರ ಅಕ್ಟೋಬರ್ 1ರಿಂದ ಇಂಗ್ಲೆಂಡ್, ವೇಲ್ಸ್‌ನಲ್ಲಿ ಖಾಸಗಿ ಜಾಗದಲ್ಲಿ ಕ್ಲಾಂಪ್ ಹಾಕೋದನ್ನ ಪ್ರೊಟೆಕ್ಷನ್ ಆಫ್ ಫ್ರೀಡಮ್ಸ್ ಆಕ್ಟ್ ನಿಷೇಧಿಸಿತು. ಜನ ಖುಷಿಪಟ್ಟರು.

ಮಾವನ ಸಲಹೆಯ ಆಯಸ್ಸು ಮುಗಿದಿದ್ದು ಅದೇ ದಿನ. ಅಲ್ಲಿಯವರೆಗೆ ಕರಾರು ಇದ್ದಿದ್ದು ಡ್ರೈವರ್ ಜೊತೆ ಮಾತ್ರ. ಕಂಪನಿಗೆ ಸರ್ಕಾರಿ ವಾಹನ ದಾಖಲೆಯಿಂದ ಸಿಗ್ತಿದ್ದಿದ್ದು ಗಾಡಿ ಯಾರ ಹೆಸರಲ್ಲಿದೆ ಅನ್ನೋದಷ್ಟೇ. ಓಡಿಸಿದ್ದು ಯಾರು ಅಂತ ನೀವು ಬಾಯಿ ಬಿಡದಿದ್ದರೆ ಕೋರ್ಟಿನಲ್ಲಿ ಅವರಿಗೆ ಬಹಳ ಕಷ್ಟ. ಅದಕ್ಕೇ "ಹರಿದು ಹಾಕು" ಅನ್ನೋ ಮಾತು ಹುಟ್ಟಿತು. ಕ್ಲಾಂಪ್ ಕಿತ್ತುಕೊಂಡ ಅದೇ ಕಾಯ್ದೆ, ಅದರ ನಾಲ್ಕನೇ ಅನುಬಂಧದಲ್ಲಿ ಕಂಪನಿಗಳಿಗೆ ಬೇರೊಂದು ಅಸ್ತ್ರ ಕೊಟ್ಟಿತು: ನಿಯಮದ ಪ್ರಕಾರ, ಸಮಯಕ್ಕೆ ಸರಿಯಾಗಿ ನೋಟಿಸ್ ಕಳಿಸಿದರೆ, ಡ್ರೈವರ್ ಯಾರೆಂದು ಗೊತ್ತಾಗದಿದ್ದರೂ ಗಾಡಿ ಯಾರ ಹೆಸರಲ್ಲಿದೆಯೋ ಅವರಿಂದ ವಸೂಲಿ ಮಾಡಬಹುದು. ಕಬ್ಬಿಣದ ಬೀಗ ಹೋಯ್ತು, ಕ್ಯಾಮೆರಾ ಮತ್ತು ಅಂಚೆ ಬಂತು. ಒಂದು ವಿಳಾಸಕ್ಕೆ ವಾಹನ ಇಲಾಖೆ ಕಂಪನಿಯಿಂದ ತಗೊಳ್ಳೋದು ಎರಡೂವರೆ ಪೌಂಡ್.

ಈಗ ಬೀವಿಸ್ ವಿಷಯಕ್ಕೆ ಬರೋಣ. ಅವರ ಮುಖ್ಯ ವಾದ ಡನ್‌ಲಪ್ ಅಳತೆಗೋಲು. ಫ್ರೀ ಜಾಗದಲ್ಲಿ ನಾನು 56 ನಿಮಿಷ ಹೆಚ್ಚು ನಿಂತರೆ ಕಂಪನಿಗೆ ಎಷ್ಟು ನಷ್ಟ? ಸೊನ್ನೆ. ಸೊನ್ನೆ ನಷ್ಟಕ್ಕೆ 85 ಪೌಂಡ್ ಅಂದರೆ ಅದು ದಂಡವೇ. ನೋಡೋಕೆ ಗಟ್ಟಿ ವಾದ. ಆದರೆ 2015ರ ನವೆಂಬರ್ 4ರಂದು ಸುಪ್ರೀಂ ಕೋರ್ಟು 6–1ರಲ್ಲಿ ಅವರ ವಿರುದ್ಧ ತೀರ್ಪು ಕೊಟ್ಟಿತು. ನಷ್ಟ ಎಷ್ಟು ಅನ್ನೋದಲ್ಲ, ಆ ಮೊತ್ತದ ಹಿಂದೆ ನ್ಯಾಯಯುತವಾದ ಹಿತಾಸಕ್ತಿ ಇದೆಯಾ, ಮೊತ್ತ ಅದಕ್ಕೆ ತೀರಾ ಹೊಂದದಷ್ಟು ಹೆಚ್ಚಾಗಿದೆಯಾ ಅಂತ ನೋಡಬೇಕು ಅಂದಿತು. ಅಂಗಡಿಗಳಿಗೆ ಹೊಸ ಗಿರಾಕಿ ಬರಬೇಕು ಅಂದರೆ ಜಾಗ ಖಾಲಿಯಾಗ್ತಿರಬೇಕು, ಅದು ಹಿತಾಸಕ್ತಿ. ಸುಮಾರು 20 ಬೋರ್ಡುಗಳಲ್ಲಿ ದಪ್ಪ ಅಕ್ಷರದಲ್ಲಿ 85 ಪೌಂಡ್ ಅಂತ ಬರೆದಿತ್ತು, ಬಚ್ಚಿಟ್ಟಿದ್ದೇನಿಲ್ಲ. ನಗರಸಭೆಗಳು ಹಾಕುವ ಮೊತ್ತಕ್ಕೂ ಇದಕ್ಕೂ ಬಹಳ ಅಂತರವಿಲ್ಲ.

ಡೆನ್ನಿಂಗ್ ಬೇಡಿದ್ದ ಕೆಂಪು ಕೈಯನ್ನ ಕಂಪನಿಗಳು ಕಲಿತುಕೊಂಡವು ಅನ್ನಿ. ಜನರನ್ನ ಕಾಪಾಡೋಕೆ ಹುಟ್ಟಿದ "ದೊಡ್ಡದಾಗಿ ಬರೆಯಿರಿ" ಅನ್ನೋ ನಿಯಮ, ದೊಡ್ಡದಾಗಿ ಬರೆದಿದ್ದಕ್ಕೇ ವಸೂಲಿಗೆ ದಾರಿ ಮಾಡಿಕೊಟ್ಟಿತು.

ತೀರ್ಪಿನಲ್ಲಿ ನನ್ನ ಕಾಮರ್ಸ್ ಬುದ್ಧಿ ನಿಂತಿದ್ದು ಇನ್ನೊಂದು ಜಾಗದಲ್ಲಿ. ಜಾಗದ ಮಾಲೀಕರು ಪಾರ್ಕಿಂಗ್‌ಐಗೆ ಸಂಬಳ ಕೊಡ್ತಿರಲಿಲ್ಲ. ಉಲ್ಟಾ, ಪಾರ್ಕಿಂಗ್‌ಐ ಕಂಪನಿಯೇ ಮಾಲೀಕರಿಗೆ ವಾರಕ್ಕೆ 1,000 ಪೌಂಡ್ ಕೊಡ್ತಿತ್ತು. ಪಾರ್ಕಿಂಗ್ ಫ್ರೀ. ಹಾಗಾದರೆ ವರಮಾನ ಎಲ್ಲಿಂದ? ಹೊತ್ತು ಮೀರಿದವರಿಂದ ಮಾತ್ರ. ಎಲ್ಲರೂ ಶಿಸ್ತಾಗಿ ಎರಡು ಗಂಟೆಗೆ ಹೊರಟರೆ ಈ ಬಿಸಿನೆಸ್ ಮುಳುಗುತ್ತೆ! ಭಿನ್ನ ತೀರ್ಪು ಕೊಟ್ಟವರು ಲಾರ್ಡ್ ಟೌಲ್ಸನ್. ಗ್ರಾಹಕರ ಕರಾರಿನಲ್ಲಿ ಅನ್ಯಾಯದ ಷರತ್ತು ಇರಬಾರದು ಅನ್ನೋ ನಿಯಮದ ಮೇಲೆ ಅವರು ನಿಂತರು. ನನ್ನ ಓಟು ಅವರಿಗೆ.

ಇನ್ನು ಗೆಳತಿಯ ಲೆಕ್ಕ. ಅವಳದ್ದು ದುಡ್ಡು ಕೊಟ್ಟ ಜಾಗ, ಫ್ರೀ ಅಲ್ಲ. ಆದರೂ ಬೋರ್ಡಿನಲ್ಲಿ ಮೊತ್ತ ಸ್ಪಷ್ಟವಾಗಿದ್ದರೆ "ನಷ್ಟ ಎಲ್ಲಿ" ಅನ್ನೋ ವಾದವೊಂದನ್ನೇ ಹಿಡಿದು ಗೆಲ್ಲೋದು 2015ರ ನಂತರ ಕಷ್ಟ. ನೋಡಬೇಕಾದ್ದು ಸಣ್ಣ ಸಣ್ಣ ವಿವರಗಳನ್ನ. ಗಾಜಿಗೆ ಚೀಟಿ ಅಂಟಿಸದೆ ಬರೀ ಕ್ಯಾಮೆರಾದಿಂದ ಹಿಡಿದಿದ್ದರೆ, ಗಾಡಿ ಮಾಲೀಕರ ಮೇಲೆ ಹೊಣೆ ಹೊರಿಸೋಕೆ ನೋಟಿಸ್ 14 ದಿನದೊಳಗೆ ಮನೆ ಮುಟ್ಟಬೇಕು. ಅವಳಿಗೆ ಒಂಬತ್ತನೇ ದಿನಕ್ಕೇ ಬಂದಿತ್ತು. ಕ್ಯಾಮೆರಾ ಎಣಿಸೋದು ಗೇಟಿನಿಂದ ಗೇಟಿಗೆ, ಟಿಕೆಟ್ ಎಣಿಸೋದು ಮೆಷಿನ್ನಿನಿಂದ. ಒಳಗೆ ಬಂದು, ಜಾಗ ಹುಡುಕಿ, ಕ್ಯೂ ನಿಂತು ದುಡ್ಡು ಕಟ್ಟೋಷ್ಟರಲ್ಲಿ ಅವಳಿಗೆ 6 ನಿಮಿಷ ಹೋಗಿತ್ತು. ಉಳಿದಿದ್ದು 17. ಉದ್ಯಮದ ನಿಯಮಾವಳಿ ಪ್ರಕಾರ ಟಿಕೆಟ್ ಮುಗಿದ ಮೇಲೆ 10 ನಿಮಿಷ ವಿನಾಯಿತಿ ಕೊಡಬೇಕು. 17 ಅಂದರೆ 7 ನಿಮಿಷ ಮೀರಿದೆ.

ಟಿಕೆಟ್, ಡಾಕ್ಟರ್ ಅಪಾಯಿಂಟ್‌ಮೆಂಟ್ ಮೆಸೇಜು, ಬೋರ್ಡಿನ ಫೋಟೋ ಎಲ್ಲ ಲಗತ್ತಿಸಿ 14 ದಿನದೊಳಗೆ ಕಂಪನಿಗೇ ಮೇಲ್ಮನವಿ ಹಾಕಿದಳು. ತಿರಸ್ಕಾರವಾಯ್ತು. ಅಲ್ಲಿಂದ ಮುಂದೆ ಸ್ವತಂತ್ರ ಮೇಲ್ಮನವಿ ಸಂಸ್ಥೆಗೆ ಹೋಗಬಹುದು. ಕಂಪನಿ ಯಾವ ಸಂಘದ ಸದಸ್ಯ ಅನ್ನೋದರ ಮೇಲೆ ಅದು ಪಾಪ್ಲಾ ಅಥವಾ ಐಎಎಸ್. ಆದರೆ ಅಲ್ಲಿ ಸೋತರೆ ರಿಯಾಯಿತಿ ಹೋಗಿ ಪೂರ್ತಿ 100. ರಿಯಾಯಿತಿ ಇನ್ನೂ ಇದ್ದಾಗಲೇ ಅವಳು 60 ಕಟ್ಟಿ ಮುಗಿಸಿದಳು. ಗ್ರೂಪಿನಲ್ಲಿ ಕೆಲವರಿಗೆ ಇದು ಸೋಲು ಅನ್ನಿಸಿತು. ಬೋರ್ಡು ಕಾಣದೆ ಇದ್ದಿದ್ದರೆ, ಮೆಷಿನ್ ಕೆಟ್ಟಿದ್ದರೆ, ನೋಟಿಸ್ ತಡವಾಗಿ ಬಂದಿದ್ದರೆ ನಾನೇ ಮುಂದೆ ಹೋಗು ಅನ್ನುತ್ತಿದ್ದೆ. ಅವಳ ಕೈಯಲ್ಲಿ ಅಂಥ ಎಲೆ ಇರಲಿಲ್ಲ.

ಮಾವನ ಮಾತು ಕೇಳಿದ್ದರೆ ಏನಾಗ್ತಿತ್ತು? ಮೊದಲು ವಸೂಲಿ ಏಜೆನ್ಸಿಯ ಕೆಂಪಕ್ಷರದ ಪತ್ರಗಳು. ಅವಕ್ಕೆ ಜಪ್ತಿ ಮಾಡೋ ಅಧಿಕಾರ ಇಲ್ಲ, ಬರೀ ಬೆದರಿಕೆ. ಆದರೆ ಆ ರಾಶಿಯ ಮಧ್ಯೆ ಒಂದು ದಿನ ಕೌಂಟಿ ಕೋರ್ಟಿನ ನಿಜವಾದ ಸಮನ್ಸ್ ಬರಬಹುದು. ಅದನ್ನೂ ಬುಟ್ಟಿಗೆ ಹಾಕಿದರೆ ವಾದವೇ ಇಲ್ಲದೆ ತೀರ್ಪಾಗುತ್ತೆ. ಒಂದು ತಿಂಗಳೊಳಗೆ ಪೂರ್ತಿ ಕಟ್ಟದಿದ್ದರೆ ಅದು ಆರು ವರ್ಷ ಕ್ರೆಡಿಟ್ ದಾಖಲೆಯಲ್ಲಿ ಕೂರುತ್ತೆ. ಮನೆ ಸಾಲಕ್ಕೆ ಅರ್ಜಿ ಹಾಕಿದಾಗ 60 ಪೌಂಡಿನ ಭೂತ ಎದ್ದು ಬರುತ್ತೆ. ಮನೆ ಬದಲಾಯಿಸಿ, ಗಾಡಿ ದಾಖಲೆಯಲ್ಲಿ ವಿಳಾಸ ಬದಲಾಯಿಸದ ಹುಡುಗರು ಇಲ್ಲಿ ಗಮನ ಕೊಡಿ. ಸಮನ್ಸ್ ಹಳೇ ಮನೆಗೇ ಹೋಗಬಹುದು.

ಸರ್ಕಾರ ಏನೂ ಮಾಡಲಿಲ್ವಾ ಅಂದರೆ, ಮಾಡಿತು, ಅರ್ಧಕ್ಕೆ ಬಿಟ್ಟಿತು. ಸಂಸದ ಗ್ರೆಗ್ ನೈಟ್ ತಂದ ಖಾಸಗಿ ಮಸೂದೆ 2019ರಲ್ಲಿ ಕಾಯ್ದೆಯಾಯ್ತು, ಪಾರ್ಕಿಂಗ್ ಕಂಪನಿಗಳಿಗೆ ಸರ್ಕಾರವೇ ಒಂದು ನಿಯಮಾವಳಿ ಬರೆಯಬೇಕು ಅಂತ. 2022ರ ಫೆಬ್ರವರಿಯಲ್ಲಿ ನಿಯಮಾವಳಿ ಬಂತು. ಲಂಡನ್ ಹೊರಗೆ ಹೊತ್ತು ಮೀರಿದಂಥ ಸಣ್ಣ ತಪ್ಪಿಗೆ 50 ಪೌಂಡ್ ಮಿತಿ, ವಸೂಲಿ ಹೆಸರಲ್ಲಿ ಮೇಲೆ ಸೇರಿಸೋ ಶುಲ್ಕಕ್ಕೆ ನಿಷೇಧ. ಕಂಪನಿಗಳು ಕೋರ್ಟಿಗೆ ಹೋದವು, ಜೂನ್‌ನಲ್ಲಿ ಸರ್ಕಾರ ಅದನ್ನ ವಾಪಸ್ ತಗೊಂಡಿತು. ಆ ಖಾಲಿ ಜಾಗದಲ್ಲಿ 2024ರ ಅಕ್ಟೋಬರ್‌ನಿಂದ ಕಂಪನಿಗಳ ಎರಡು ಸಂಘಗಳು ತಾವೇ ಕೂತು ಬರೆದ ನಿಯಮಾವಳಿ ನಡೀತಿದೆ. 10 ನಿಮಿಷದ ವಿನಾಯಿತಿ ಅದರಲ್ಲಿದೆ, 100 ಪೌಂಡಿನ ಮಿತಿಯೂ ಅದರಲ್ಲೇ ಇದೆ. 2025ರ ಜುಲೈನಲ್ಲಿ ಸರ್ಕಾರ ಮತ್ತೆ ಹೊಸ ಕರಡು ಹಿಡ್ಕೊಂಡು ಜನರ ಅಭಿಪ್ರಾಯ ಕೇಳೋಕೆ ಹೊರಟಿತು.

ಸ್ಕಾಟ್ಲೆಂಡಿನಲ್ಲಿ ಇರೋ ಕೇಳುಗರೇ, ಗಾಡಿ ಮಾಲೀಕರ ಮೇಲೆ ಹೊಣೆ ಹೊರಿಸುವ 2012ರ ನಿಯಮ ಇಂಗ್ಲೆಂಡ್, ವೇಲ್ಸ್‌ನದ್ದು, ನಿಮ್ಮ ಕಡೆಯದಲ್ಲ. ನಿಮಗೆ ಬಂದ ಕಾಗದವನ್ನ ಈ ಎಪಿಸೋಡಿನ ಲೆಕ್ಕದಲ್ಲಿ ಓದಬೇಡಿ, ಅಲ್ಲಿನ ಸಿಟಿಜನ್ಸ್ ಅಡ್ವೈಸ್ ಕಚೇರಿಯಲ್ಲಿ ಪುಕ್ಕಟೆ ಸಲಹೆ ಸಿಗುತ್ತೆ, ಹೋಗಿ ತೋರಿಸಿ. ಮುಂದಿನ ವಾರ ಸಿಗೋಣ.